ಆ್ಯಂಡ್ರ್ಯೂಗೆ ಸಾವು ಯಾಕೆ ಬೇಕಿತ್ತು?

'ಬೈಸೆಂಟೆನಿಯಲ್ ಮ್ಯಾನ್' ನಾವು ಹುಟ್ಟೋದಕ್ಕೂ ಮುಂಚೆ, 1999ರಲ್ಲಿ ಬಂದ ಸಿನಿಮಾ. ಐಸಾಕ್ ಅಸಿಮೋವ್ 1976ರಲ್ಲಿ ಪ್ರಕಟಿಸಿದ ಕತೆ ಅದರ ಮೂಲ. ರಾಬಿನ್ ವಿಲಿಯಮ್ಸ್ ಇಲ್ಲಿ ಆ್ಯಂಡ್ರ್ಯೂ ಅನ್ನೋ ಮನೆಗೆಲಸದ ರೋಬೋ. ಮನೆಯ ಚಿಕ್ಕ ಹುಡುಗಿಯ ಗಾಜಿನ ಕುದುರೆ ಅವನ ಕೈಯಲ್ಲಿ ಒಡೆದುಹೋಗುತ್ತೆ. ಯಾರೂ ಹೇಳದೆ ಮರದಲ್ಲಿ ಇನ್ನೊಂದು ಕುದುರೆ ಕೆತ್ತಿ ಕೊಡ್ತಾನೆ. ತಯಾರಿಸಿದ ಕಂಪನಿಗೆ ಅದು ದೋಷ, ಮನೆ ಯಜಮಾನನಿಗೆ ಪ್ರತಿಭೆ.

ನಮ್ಮಂಥ ಇಂಜಿನಿಯರಿಂಗ್ ಮಕ್ಕಳಿಗೆ ಮೊದಲು ಹಿಡಿಸೋದು ಅವನ ಅಪ್‌ಗ್ರೇಡುಗಳೇ. ಹೊರಗೆ ಚರ್ಮ, ಒಳಗೆ ತಾನೇ ವಿನ್ಯಾಸ ಮಾಡಿದ ಕೃತಕ ಅಂಗಗಳು. ಅವು ಮನುಷ್ಯರಿಗೂ ಉಪಯೋಗಕ್ಕೆ ಬರುತ್ತವೆ. ಆದರೂ, ಸಾವಿಲ್ಲದವನನ್ನು ಮನುಷ್ಯ ಅಂತ ಒಪ್ಪಲ್ಲ. ಕೊನೆಗೆ ಮುಪ್ಪು ಬರುವ ಹಾಗೆ ದೇಹವನ್ನೇ ಬದಲಾಯಿಸಿಕೊಳ್ತಾನೆ. 200 ವರ್ಷ ಬದುಕಿ, ಅವನು ಮನುಷ್ಯ ಅಂತ ಘೋಷಣೆಯಾಗುವ ಹೊತ್ತಿಗೇ ತೀರಿಕೊಳ್ತಾನೆ.

ಇಲ್ಲೇ ನಮ್ಮ ಜಗಳ ಶುರು. "ಸಾವು ಅಂದ್ರೆ ಫೇಲ್ಯೂರ್. ಅದನ್ನ ಫೀಚರ್ ಅಂತ ಯಾಕೆ ಹಾಕಿಸ್ಕೋಬೇಕು?" ಅಂತ ನಮ್ಮಲ್ಲಿ ಅರ್ಧ ಜನ. ಈ ವರ್ಷ ಅಜ್ಜನನ್ನು ಕಳೆದುಕೊಂಡ ಗೆಳತಿ ಮಾತ್ರ ಇನ್ನೊಂದು ದೃಶ್ಯ ನೆನಪಿಸಿದಳು. ಆ ಹುಡುಗಿ ಮುದುಕಿಯಾಗಿ ಸಾಯುವಾಗ ಅವಳ ಕೈಯಲ್ಲಿ ಅದೇ ಮರದ ಕುದುರೆ. ಆ್ಯಂಡ್ರ್ಯೂಗೆ ಅಳೋಣ ಅಂದ್ರೆ ಕಣ್ಣೀರೇ ಇಲ್ಲ. ಎಲ್ಲರನ್ನೂ ಕಳಿಸಿಕೊಟ್ಟು ತಾನೊಬ್ಬನೇ ಉಳಿಯೋದು ಎಷ್ಟು ದಿನ?

ಅವನ ಆಸೆ ಈಗ ನಮಗೆ ಅರ್ಥವಾಗುತ್ತೆ. ಆ ಷರತ್ತು ಮಾತ್ರ ಇನ್ನೂ ಅನ್ಯಾಯ ಅನ್ಸುತ್ತೆ. ಕುದುರೆ ಕೆತ್ತಿದ ದಿನವೇ ಅವನು ಪಾಸಾಗಿದ್ದ. ನೀವೂ ನೋಡಿ, ಯಾವ ಪಕ್ಷ ಅಂತ ಹೇಳಿ.