ಹಾಕಿದ ಆಯಿಲ್ಲಿನ ಲೆಕ್ಕ

ಟಿಲ್ಲರ್ ಓಡಿಸುವ ಹುಡುಗನನ್ನು ನಾನು ಕಳ್ಳ ಅಂದೆ. ನೇರವಾಗಿ ಅನ್ನಲಿಲ್ಲ. "ಹಾಕಿದ ಆಯಿಲ್ಲು ಗಾಳಿಗೆ ಹೋಯ್ತದೇನಪ್ಪಾ?" ಅಂದೆ, ಅಷ್ಟೇ. ಎಂಟು ವರ್ಷ ನಮ್ಮ ಗದ್ದೆ ಹೊಡೆದವನಿಗೆ ಅಷ್ಟು ಸಾಕಾಯಿತು. ಸ್ಟಾರ್ಟ್ ಮಾಡುವ ಹ್ಯಾಂಡಲನ್ನು ಜಗಲಿಯ ಮೇಲಿಟ್ಟು ಹೋದ.

2024ರ ಬೇಸಿಗೆಯಲ್ಲಿ ನಾಲೆ ಒಣಗಿ ಬಿದ್ದಿತ್ತು. ಹಿಂದಿನ ವರ್ಷ ಮಳೆ ಕೈಕೊಟ್ಟಿದ್ದರಿಂದ ವಿಶ್ವೇಶ್ವರಯ್ಯ ನಾಲೆಯನ್ನು ನಂಬಿದ ನಮ್ಮ ಕಡೆ ಗದ್ದೆಗಳಲ್ಲಿ ಬಿರುಕು ಬಿಟ್ಟರೆ ಬೇರೇನೂ ಇರಲಿಲ್ಲ. ಪವರ್ ಟಿಲ್ಲರ್ ತಿಂಗಳುಗಟ್ಟಲೆ ಕೊಟ್ಟಿಗೆಯ ಮೂಲೆಯಲ್ಲೇ ನಿಂತಿತು. ಜುಲೈ ಕೊನೆಗೆ ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿತು, ನಾಲೆಗೆ ನೀರು ಬಂತು, ಎಲ್ಲರಿಗೂ ಒಟ್ಟಿಗೇ ನಾಟಿಯ ಅವಸರ. ಕೇಜ್‌ವೀಲ್ ಹಾಕಿ ಗದ್ದೆಗೆ ಇಳಿಸಿದ ಎರಡನೇ ದಿನದಿಂದಲೇ ನೀಲಿ ಹೊಗೆ ಶುರುವಾಯಿತು.

ನನಗೊಂದು ಚಟ: ಎಲ್ಲವನ್ನೂ ಪುಸ್ತಕದಲ್ಲಿ ಬರೆಯುವುದು. ಬಿ.ಎಸ್ಸಿ. ಓದಿದವನು ಎಂಬ ಜಂಬ ಬೇರೆ. ದಿನಾ ಬೆಳಿಗ್ಗೆ ಗದ್ದೆಯ ಬದದ ಮೇಲೆ ನಿಂತ ಟಿಲ್ಲರಿನ ಗೇಜು ಕಡ್ಡಿ ಎಳೆದು ನೋಡುವುದು, ಕೆಳಗಿನ ಗೆರೆ ಮುಟ್ಟಿಲ್ಲವೆಂದು ಅರ್ಧ ಲೀಟರೋ ಕಾಲು ಲೀಟರೋ ಸುರಿಯುವುದು, ತಾರೀಖು ಹಾಕಿ ಬರೆಯುವುದು. ಡಬ್ಬ ಮುಗಿದರೆ ಭಾರತೀನಗರಕ್ಕೆ ಓಟ. ನಮ್ಮ ಬಾಯಲ್ಲಿ ಅದು ಇವತ್ತಿಗೂ ಕೆ.ಎಂ. ದೊಡ್ಡಿ. ಹುಡುಗ ಒಮ್ಮೆ, "ಬದದ ಮೇಲೆ ನೋಡಬ್ಯಾಡಿ ಅಣ್ಣ, ವಾಲ್ಕಂಡೈತೆ" ಅಂದಿದ್ದ. ನನಗೇ ಹೇಳಿಕೊಡ್ತಾನಲ್ಲ ಅನ್ನಿಸಿತು. ಹತ್ತು ದಿನದ ಲೆಕ್ಕ ಕೂಡಿಸಿದಾಗ ಇಂಜಿನ್ನು ಹಿಡಿಯುವುದಕ್ಕಿಂತ ಹೆಚ್ಚು ಆಯಿಲ್ ಸುರಿದಿದ್ದೆ. ಆ ಮೊತ್ತದ ಪಕ್ಕ ಅವನ ಹೆಸರು ಬರೆದು ಪ್ರಶ್ನಾರ್ಥಕ ಹಾಕಿದೆ.

ಅವನು ಹೋದ ಮೇಲೂ ಹೊಗೆ ನಿಲ್ಲಲಿಲ್ಲ. ಅಲ್ಲೇ ನನಗೆ ನಾಚಿಕೆಯಾಗಬೇಕಿತ್ತು; ಆಗಲಿಲ್ಲ. ಮೆಕ್ಯಾನಿಕ್ ಬಳಿ ಒಯ್ದು, "ರಿಂಗ್ ಹೋಗಿದೆ, ಬಿಚ್ಚಿ" ಎಂದು ನಾನೇ ರೋಗದ ಹೆಸರು ಹೇಳಿದೆ. ರಿಂಗು, ಗ್ಯಾಸ್ಕೆಟ್ಟು, ಲೈನರ್ ಉಜ್ಜಿದ್ದು, ಕೂಲಿ ಎಲ್ಲ ಸೇರಿ 11 ಸಾವಿರ. ಮತ್ತೆ ಹೊಗೆ ಬಂದಾಗ, ಹೊಸ ರಿಂಗು ಕೂರುವವರೆಗೆ ಸ್ವಲ್ಪ ಆಯಿಲ್ ಹೋಗ್ತದೆ ಅಂದರು. ಮಾತು ಸುಳ್ಳಲ್ಲ. ನಾನು ಅದನ್ನು ನೆಪ ಮಾಡಿಕೊಂಡು ಇನ್ನೂ ಎರಡು ವಾರ ಸುರಿದೆ.

ಹಳೇ ರಿಂಗು ಕೆಟ್ಟಿರಲಿಲ್ಲ ಎಂಬುದಕ್ಕೆ ಸಾಕ್ಷಿ ನನ್ನ ತೋಳಲ್ಲೇ ಇತ್ತು. ಡಿಕಂಪ್ರೆಷನ್ ಲಿವರ್ ಬಿಟ್ಟು ಹ್ಯಾಂಡಲ್ ತಿರುಗಿಸಿದರೆ ರಟ್ಟೆ ಕಿತ್ತುಬರುವ ಹಾಗೆ ತಡೆಯುತ್ತಿತ್ತು. ರಿಂಗು ಸವೆದ ಇಂಜಿನ್ನು ಹಾಗೆ ತಡೆಯುವುದಿಲ್ಲ. ಹೊಗೆಗೂ ಹೊತ್ತು ಗೊತ್ತು ಇರುತ್ತದೆ: ರಿಂಗು ಹೋದರೆ ಲೋಡು ಬಿದ್ದಾಗ ಜಾಸ್ತಿ, ವಾಲ್ವ್ ಗೈಡು ಸವೆದರೆ ರಾತ್ರಿ ನಿಂತ ಗಾಡಿ ಬೆಳಿಗ್ಗೆ ಸ್ಟಾರ್ಟ್ ಆದಾಗ ಒಮ್ಮೆ ಬುಸ್ ಅಂದು ಕಮ್ಮಿ. ನಮ್ಮದು ಆಯಿಲ್ ಹಾಕಿದ ಮೇಲೆ ದಟ್ಟವಾಗಿ ಬರುತ್ತಿತ್ತು, ಹೊತ್ತು ಏರಿದಂತೆ ಇಳಿಯುತ್ತಿತ್ತು. ಹಾಕಿದ್ದನ್ನು ಬರೆದೆ, ಹೊಗೆ ಯಾವಾಗ ಬಂತೆಂದು ಒಂದು ದಿನವೂ ಬರೆಯಲಿಲ್ಲ.

ಕೊನೆಗೆ ದಾರಿ ಕಂಡದ್ದು ನಮ್ಮ ಸೋದರಮಾವನಿಗೆ. ಅವರು ಮೆಕ್ಯಾನಿಕ್ಕೂ ಅಲ್ಲ, ಐವತ್ತು ವರ್ಷ ಪಂಪ್‌ಸೆಟ್ಟಿನ ಜೊತೆ ಗುದ್ದಾಡಿದ ರೈತ. ಟಿಲ್ಲರನ್ನು ಕಣಕ್ಕೆ ತರಿಸಿದರು. ಕಣ ಅಂದರೆ ಮಟ್ಟಸ, ಚೆಲ್ಲಿದ ನೀರೂ ಹರಿಯದ ಜಾಗ. ಆಫ್ ಮಾಡಿಸಿ, ಎಲೆ ಅಡಿಕೆ ಹಾಕಿ ಮುಗಿಯುವವರೆಗೆ ಸುಮ್ಮನೆ ಕೂತರು. ಆಮೇಲೆ ಕಡ್ಡಿ ಎಳೆದು, ಒರೆಸಿ, ಮತ್ತೆ ಇಳಿಸಿ ಎಳೆದರು. ಮೇಲಿನ ಗೆರೆಗಿಂತ ಒಂದು ಬೆರಳು ಮೇಲಿತ್ತು ಆಯಿಲ್.

"ಏನ್ಲಾ ಇದು, ಇಂಜಿನ್ ಕುಡೀತಿಲ್ಲ ಕಣ್ಲಾ, ನೀನೇ ಬಾಯಿಗೆ ಗಿಂಡಿ ಇಟ್ಟಿದ್ದೀಯ."

ಕೆಳಗಿನ ನಟ್ಟು ಬಿಚ್ಚಿ ಹೆಚ್ಚಿನದನ್ನು ಬಕೆಟ್ಟಿಗೆ ಇಳಿಸಿದೆವು. ಮಟ್ಟ ಮೀರಿದ ಆಯಿಲ್ಲಿನಲ್ಲಿ ಕ್ರ್ಯಾಂಕು ಮುಳುಗಿ ಏಳುತ್ತಾ ಮಜ್ಜಿಗೆ ಕಡೆದ ಹಾಗೆ ನೊರೆ ಎಬ್ಬಿಸುತ್ತದೆ. ಅದು ಸಿಲಿಂಡರಿಗೆ ಹತ್ತಿ ಸುಟ್ಟು ಹೊಗೆಯಾಗುತ್ತದೆ. ಆದರೆ ಬದದ ವಾಲು ಪ್ರತಿ ವರ್ಷದ್ದು, ಈ ವರ್ಷವೇ ಯಾಕೆ ಇಷ್ಟು ಕೆಟ್ಟಿತು? ಮಾವ ಬ್ರೀದರ್ ಪೈಪನ್ನು ಬಿಚ್ಚಿ ತಂತಿ ತೂರಿಸಿದರು. ಒಣ ಮಣ್ಣು ಉದುರಿತು, ಅದರೊಳಗೆ ಸೊರಗಿದ ಜೇಡಗಳು. ಬೇಸಿಗೆಯಲ್ಲಿ ಕುಂಬಾರ ಹುಳ ಅಲ್ಲಿ ಗೂಡು ಕಟ್ಟಿತ್ತು. ಒಳಗಿನ ಗಾಳಿ ಹೊರಹೋಗುವ ಕಿಂಡಿಯೇ ಮುಚ್ಚಿ, ಒತ್ತಡಕ್ಕೆ ಆಯಿಲ್ ಸೀಲಿನಲ್ಲಿ ಜಿನುಗಿ, ರಿಂಗು ದಾಟಿ ಮೇಲೆ ಹತ್ತುತ್ತಿತ್ತು. ಅಂದರೆ ಸ್ವಲ್ಪ ನಿಜವಾಗಿಯೂ ಹೋಗುತ್ತಿತ್ತು. ಉಳಿದದ್ದು ನನ್ನ ಕೈಯ ಕೆಲಸ. ಪೈಪು ಸ್ವಚ್ಛ ಮಾಡಿದ ಮೇಲೆ ಆ ಸಾಲಿನ ನಾಟಿ ಮುಗಿಯುವವರೆಗೆ ಮತ್ತೆ ಹನಿ ಆಯಿಲ್ ಹಾಕಲಿಲ್ಲ.

ಹುಡುಗ ಆಗ ಮಳವಳ್ಳಿ ಕಡೆ ಯಾರದೋ ಗದ್ದೆ ಹೊಡೆಯುತ್ತಿದ್ದ. ಹೋದೆ. ನನ್ನನ್ನು ಕಂಡರೂ ಟಿಲ್ಲರ್ ಆಫ್ ಮಾಡಲಿಲ್ಲ. ಆ ಕೊನೆ ಮುಟ್ಟಿ ತಿರುಗಿ ಬರುವವರೆಗೆ ಬದದ ಮೇಲೆ ಕಾದೆ. ಹತ್ತಿರ ಬಂದಾಗಲೂ ಸದ್ದು ಹಾಗೇ ಇತ್ತು. ತಪ್ಪಾಯ್ತು ಅನ್ನುವುದನ್ನು, ಪಕ್ಕದ ಗದ್ದೆಯಲ್ಲಿ ನಾಟಿ ಹಾಕುತ್ತಿದ್ದ ಹೆಂಗಸರೆಲ್ಲ ತಲೆ ಎತ್ತಿ ನೋಡುವಷ್ಟು ಜೋರಾಗಿ ಕೂಗಿ ಹೇಳಬೇಕಾಯಿತು.