ಹೊಳೆದಂಡೆಯ ಊರು, ಮೂವತ್ತಾರು ಚಿತ್ರ

ಶಿವಮೊಗ್ಗ ಸಮೀಪದ ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಕೂಡಿ ಒಂದೇ ಹೊಳೆಯಾಗುತ್ತವೆ. ಅಲ್ಲಿಂದ ಉತ್ತರಕ್ಕೆ ಸಾಗುವ ತುಂಗಭದ್ರೆ ಹೊನ್ನಾಳಿ, ಹರಿಹರಗಳನ್ನು ಮುಟ್ಟುವ ಮೊದಲು ಸಿಗುವ ಊರುಗಳಲ್ಲಿ ಗೋವಿನಕೋವಿಯೂ ಒಂದು. ಶಿವಮೊಗ್ಗ ಜಿಲ್ಲೆಯಲ್ಲಿದ್ದ ಹೊನ್ನಾಳಿ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು. ಆಮೇಲೆ ನ್ಯಾಮತಿ ಪ್ರತ್ಯೇಕ ತಾಲ್ಲೂಕಾದಾಗ ಗೋವಿನಕೋವಿ ಅದರ ಪಾಲಿಗೆ ಬಂತು. ಪ್ರವಾಸಿಗರನ್ನು ಸೆಳೆಯುವ ಊರೇನಲ್ಲ. ಗದ್ದೆ, ಅಡಿಕೆ ತೋಟ, ಹಂಚಿನ ಮನೆ, ಹೊಳೆ ಇವೇ ಇಲ್ಲಿನ ನೋಟ. ಆದರೆ ಕಪ್ಪು-ಬಿಳುಪು ಫಿಲಂನಲ್ಲಿ ಚಿತ್ರ ತೆಗೆಯಲು ಕಲಿಯುವ ವಿದ್ಯಾರ್ಥಿಗೆ ಬೇಕಾದ ಪಾಠಗಳೆಲ್ಲ ಒಂದು ದಿನದೊಳಗೆ, ಒಂದು ಮೈಲಿಯೊಳಗೆ ಇಲ್ಲಿ ಸಿಗುತ್ತವೆ.

ಊರಿನ ಹೆಸರಿನಲ್ಲೇ ಕೋವಿ ಇದೆ. ಕಲಿಯಲು ಆಯ್ದುಕೊಳ್ಳುವ ಕ್ಯಾಮರಾಕ್ಕೂ ಕೋವಿಗೂ ದೂರದ ನಂಟುಂಟು. ರೇಂಜ್‌ಫೈಂಡರ್ ಎಂದರೆ ದೂರವನ್ನು ಅಳೆಯುವ ಸಾಧನ. ಅದು ಕ್ಯಾಮರಾಕ್ಕೆ ಬರುವ ಮೊದಲೇ ಯುದ್ಧನೌಕೆಗಳ ಫಿರಂಗಿಗಳಿಗೆ ಗುರಿಯ ದೂರ ಹೇಳುತ್ತಿತ್ತು. 1932ರಲ್ಲಿ ಜರ್ಮನಿಯ ಲೈಕಾ ಕಂಪನಿ ಈ ಸಾಧನವನ್ನು ತನ್ನ ಪುಟ್ಟ ಕ್ಯಾಮರಾದ ಮಸೂರಕ್ಕೆ ಜೋಡಿಸಿತು. ಜಪಾನಿನ ಯಾಶಿಕಾ ಎಲೆಕ್ಟ್ರೊ 35, ಕೆನಾನೆಟ್, ಸೋವಿಯತ್ ಒಕ್ಕೂಟದ ಫೆಡ್, ಜೋರ್ಕಿ ಇವೆಲ್ಲ ಅದೇ ಜಾತಿಯವು. ಹೊಸತಾಗಿ ತಯಾರಾಗದಿದ್ದರೂ ಹಳೆಯವು ಇಂದಿಗೂ ಕೈಯಿಂದ ಕೈಗೆ ದಾಟುತ್ತಿವೆ.

ಇದರ ತತ್ತ್ವ ತಿಳಿಯಲು ಕ್ಯಾಮರಾವೂ ಬೇಡ. ಕೈ ಚಾಚಿ ಹೆಬ್ಬೆರಳನ್ನು ನಿಲ್ಲಿಸಿ, ಒಮ್ಮೆ ಎಡಗಣ್ಣು, ಒಮ್ಮೆ ಬಲಗಣ್ಣು ಮುಚ್ಚಿ ನೋಡಿ. ಬೆರಳು ಅತ್ತಿತ್ತ ಜಿಗಿಯುತ್ತದೆ. ಹತ್ತಿರದ ವಸ್ತು ಹೆಚ್ಚು ಜಿಗಿಯುತ್ತದೆ, ದೂರದ್ದು ಕಡಿಮೆ. ರೇಂಜ್‌ಫೈಂಡರಿಗೂ ಹೀಗೆಯೇ ಎರಡು ಕಣ್ಣು. ಅವುಗಳ ನಡುವೆ 5 ಸೆಂಟಿಮೀಟರ್ ಅಂತರವಿದೆ ಎನ್ನೋಣ. 2 ಮೀಟರ್ ದೂರದ ಮುಖವನ್ನು ಆ ಎರಡು ಕಣ್ಣು ಸುಮಾರು 1.4 ಡಿಗ್ರಿ ಕೋನ ವ್ಯತ್ಯಾಸದಲ್ಲಿ ಕಾಣುತ್ತವೆ. 10 ಮೀಟರ್ ದೂರದ ಮರಕ್ಕೆ ಆ ಕೋನ 0.3 ಡಿಗ್ರಿಗೆ ಇಳಿಯುತ್ತದೆ. ಕಿಟಕಿಯ ಮಧ್ಯದಲ್ಲಿ ಎರಡು ಬಿಂಬಗಳು ಕಾಣುತ್ತವೆ. ಮಸೂರದ ಬಳೆ ತಿರುಗಿಸಿ ಅವೆರಡನ್ನೂ ಒಂದಾಗಿಸಿದರೆ ಫೋಕಸ್ ಕೂಡಿತು. ಹತ್ತನೆಯ ತರಗತಿಯ ತ್ರಿಕೋನಮಿತಿ ಇಲ್ಲಿ ಬೆರಳ ತುದಿಗೆ ಬಂದಿರುತ್ತದೆ.

ಒಂದು ಎಚ್ಚರ ಅಗತ್ಯ. ನೋಡುವ ಕಿಟಕಿ ಬೇರೆ, ಚಿತ್ರ ತೆಗೆಯುವ ಮಸೂರ ಬೇರೆ. ಮಸೂರದ ಮುಚ್ಚಳ ತೆಗೆಯದಿದ್ದರೂ ಕಿಟಕಿಯಲ್ಲಿ ಊರೆಲ್ಲ ಚೆನ್ನಾಗಿಯೇ ಕಾಣುತ್ತದೆ, ರೀಲು ಮಾತ್ರ ಖಾಲಿ ಉಳಿಯುತ್ತದೆ. ತೀರ ಹತ್ತಿರದಿಂದ ತೆಗೆದಾಗ ತಲೆ ಕತ್ತರಿಸಿ ಹೋಗುವುದಕ್ಕೂ ಇದೇ ಕಾರಣ.

ಹೊಳೆ, ತೋಟ, ಬೀದಿ

ಗೋವಿನಕೋವಿ ಇರುವುದು ಹೊಳೆಯ ಪಶ್ಚಿಮಕ್ಕೆ. ಹಾಗಾಗಿ ಬೆಳಗಿನ ಸೂರ್ಯ ಆಚೆ ದಡದಿಂದ ಏರಿ ನೀರಿನ ಮೇಲೆ ನೇರ ಕಣ್ಣಿಗೆ ಬರುತ್ತಾನೆ. ದಂಡೆಯಲ್ಲಿ ಬಟ್ಟೆ ಒಗೆಯುವವರು, ನೀರಿಗಿಳಿದ ಎಮ್ಮೆ, ಎಲ್ಲ ಕಪ್ಪು ನೆರಳಾಗಿ ಕಾಣುತ್ತವೆ. ಇದು ಮೊದಲ ಪಾಠ. ನೀರಿನ ಹೊಳಪಿಗೆ ಬೆಳಕು ಲೆಕ್ಕಹಾಕಿದರೆ ಮುಖ ಮಸಿಯಾಗುತ್ತದೆ, ಮುಖಕ್ಕೆ ಲೆಕ್ಕಹಾಕಿದರೆ ನೀರು ಬರೀ ಬಿಳಿ. ಎರಡರಲ್ಲಿ ಯಾವುದು ಬೇಕೆಂದು ಚಿತ್ರ ತೆಗೆಯುವವರೇ ತೀರ್ಮಾನಿಸಬೇಕು.

ಬಿಸಿಲು ಏರಿದ ಮೇಲೆ ಮಾಪಕವಿಲ್ಲದೆಯೂ ಲೆಕ್ಕ ಸಾಧ್ಯ. ನಿಚ್ಚಳ ಬಿಸಿಲಿನಲ್ಲಿ ಮಸೂರದ ಕಿಂಡಿಯನ್ನು 16ಕ್ಕೆ ಇಟ್ಟು, ಫಿಲಂನ ವೇಗದ ಸಂಖ್ಯೆಗೆ ಹತ್ತಿರದ ಷಟರ್ ವೇಗ ಆರಿಸಿಕೊಳ್ಳುವುದು ಹಳೆಯ ಸೂತ್ರ. 400 ವೇಗದ ಫಿಲಂಗೆ ಸೆಕೆಂಡಿನ 500ನೆಯ ಒಂದು ಭಾಗ, 100ರ ಫಿಲಂಗೆ 125ನೆಯ ಒಂದು ಭಾಗ.

ನಂತರ ಅಡಿಕೆ ತೋಟ. ಹೊರಗಿನ ಬಿಸಿಲಿಗೂ ಒಳಗಿನ ನೆರಳಿಗೂ ಅಜಗಜಾಂತರ. ಇಲ್ಲಿ ಇನ್ನೊಂದು ಪಾಠವೂ ಕಾದಿದೆ. ಹಸಿರು ಸೋಗೆಯ ನಡುವೆ ಕಿತ್ತಳೆ ಬಣ್ಣದ ಅಡಿಕೆ ಗೊನೆ ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಫಿಲಂನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಬೂದು ಬಣ್ಣವಾಗಿ ಕಲಸಿಹೋಗಬಹುದು. ಮಸೂರಕ್ಕೆ ಹಳದಿ ಗಾಜು ಹಾಕಿದರೆ ನೀಲಿ ಆಕಾಶ ಕಪ್ಪಾಗಿ ಮೋಡಗಳು ಎದ್ದು ಕಾಣುತ್ತವೆ. ಬಣ್ಣವನ್ನು ಮರೆತು ಬೆಳಕನ್ನಷ್ಟೇ ಕಾಣಲು ಕಣ್ಣಿಗೆ ಕೆಲವು ರೀಲುಗಳ ಅಭ್ಯಾಸ ಬೇಕಾಗುತ್ತದೆ.

ಸಂಜೆ ಬೀದಿಯಲ್ಲಿ ಜಗಲಿಯ ಮೇಲೆ ಕೂತ ಹಿರಿಯರ ಚಿತ್ರ ತೆಗೆಯುವಾಗ ಮೊದಲು ಕೇಳುವುದು ಮರ್ಯಾದೆ. ‘ಅಜ್ಜಾರೆ, ಒಂದು ಫೋಟೋ ತೆಗೀಲಾ?’ ಎಂದರೆ ಬಹುಮಂದಿ ಒಪ್ಪುತ್ತಾರೆ, ಒಪ್ಪದಿದ್ದರೆ ಕ್ಯಾಮರಾ ಕೆಳಗಿಳಿಸಬೇಕು. ಮೊಬೈಲಿನಲ್ಲಿ ಒಂದೇ ಗಳಿಗೆಗೆ ಮೂವತ್ತಾರು ಚಿತ್ರ ತೆಗೆಯಬಹುದು. ರೀಲಿನಲ್ಲಿ ಇರುವುದೇ ಮೂವತ್ತಾರು. ಬೆಲೆಯೂ ಇಂದು ಸಣ್ಣದಲ್ಲ. ಊಟಿಯಲ್ಲಿ ‘ಇಂದು’ ಹೆಸರಿನ ಫಿಲಂ ತಯಾರಿಸುತ್ತಿದ್ದ ಸರ್ಕಾರಿ ಹಿಂದೂಸ್ತಾನ್ ಫೋಟೋ ಫಿಲಂಸ್ ಮುಚ್ಚಿಹೋಗಿದೆ. ಒತ್ತುವ ಮೊದಲು ಯೋಚಿಸುವ ಗುಣ ಈ ಮಿತಿಯಿಂದಲೇ ಬರುತ್ತದೆ.

ಕತ್ತಲೆ ಕೋಣೆಯ ಕೆಲಸ

ರೀಲು ತೊಳೆಯುವ ಕೆಲಸ ಮನೆಯಲ್ಲೇ ಆಗುತ್ತದೆ. ಫಿಲಂನ ಮೇಲಿರುವುದು ಜೆಲಾಟಿನ್‌ನಲ್ಲಿ ಹುದುಗಿದ ಸಿಲ್ವರ್ ಬ್ರೋಮೈಡ್‌ನಂಥ ಬೆಳ್ಳಿಯ ಲವಣದ ಹರಳುಗಳು. ಬೆಳಕು ಬಿದ್ದ ಹರಳುಗಳನ್ನು ಡೆವಲಪರ್ ದ್ರಾವಣ ಲೋಹದ ಬೆಳ್ಳಿಯಾಗಿ ಬದಲಿಸುತ್ತದೆ. ಅದೇ ಚಿತ್ರದ ಕಪ್ಪು. ಬೆಳಕು ಬೀಳದ ಹರಳುಗಳನ್ನು ಹೈಪೊ, ಅಂದರೆ ಸೋಡಿಯಂ ಥಯೋಸಲ್ಫೇಟ್, ಕರಗಿಸಿ ಒಯ್ಯುತ್ತದೆ.

ಫಿಲಂ ಅನ್ನು ಡಬ್ಬಿಗೆ ಸುತ್ತುವಾಗ ಪೂರ್ಣ ಕತ್ತಲೆ ಬೇಕು. ಸಿನಿಮಾದಲ್ಲಿ ಕಾಣುವ ಕೆಂಪು ದೀಪ ಫೋಟೋ ಕಾಗದಕ್ಕೆ ಸರಿ, ಎಲ್ಲ ಬಣ್ಣಕ್ಕೂ ಸ್ಪಂದಿಸುವ ಈ ಫಿಲಂಗೆ ಸಲ್ಲದು. ರಾತ್ರಿ ಬಾಗಿಲ ಸಂದಿಗೆ ಕಂಬಳಿ ತುರುಕಿ, ಐದು ನಿಮಿಷ ಕೂತು, ಎಲ್ಲೂ ಬೆಳಕಿನ ಗೆರೆ ಕಾಣದಿದ್ದರೆ ಕೆಲಸ ಶುರುಮಾಡಬಹುದು. ಡಬ್ಬಿ ಮುಚ್ಚಿದ ಮೇಲೆ ದೀಪ ಹಾಕಿಕೊಳ್ಳಬಹುದು.

ಇಲ್ಲಿ ಕಾಡುವುದು ಬಿಸಿ. ಇಲ್‌ಫರ್ಡ್ ಎಚ್‌ಪಿ5 ಪ್ಲಸ್ ಫಿಲಂ ಅನ್ನು ಅದೇ ಕಂಪನಿಯ ಐಡಿ-11 ಡೆವಲಪರ್‌ನಲ್ಲಿ ನೀರು ಬೆರೆಸದೆ ತೊಳೆದರೆ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಏಳೂವರೆ ನಿಮಿಷ ಸಾಕು. ನಮ್ಮ ಬೇಸಿಗೆಯ ನಲ್ಲಿ ನೀರು ಅದಕ್ಕಿಂತ ಎಷ್ಟೋ ಬಿಸಿ. ಹಿಂದಿನ ದಿನವೇ ಮಣ್ಣಿನ ಮಡಕೆಯಲ್ಲಿ ನೀರಿಟ್ಟು, ಬೇಕಾದರೆ ಮಂಜುಗಡ್ಡೆಯ ನೀರಿನಲ್ಲಿ ಬಾಟಲಿಗಳನ್ನು ನಿಲ್ಲಿಸಿ ತಣಿಸಬೇಕು. ಎಲ್ಲ ದ್ರಾವಣಗಳೂ ಹೆಚ್ಚುಕಡಿಮೆ ಒಂದೇ ಉಷ್ಣಾಂಶದಲ್ಲಿರಬೇಕು. ಕೊಳವೆಬಾವಿಯ ಗಡಸು ನೀರು ಒಣಗಿದಾಗ ಬಿಳಿ ಕಲೆ ಉಳಿಸುತ್ತದೆ. ಕೊನೆಯ ಜಾಲಾಟಕ್ಕೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಳಸಿದರೆ ತೊಂದರೆಯಿಲ್ಲ.

ತಂದೆತಾಯಿಗಳ ಗಮನಕ್ಕೆ ಎರಡು ಮಾತು. ಅಡುಗೆಮನೆಯ ಪಾತ್ರೆ, ಲೋಟಗಳನ್ನು ಇದಕ್ಕೆ ಬಳಸಕೂಡದು. ಕೈಗವಸು ಇರಲಿ, ಗಾಳಿ ಆಡಲಿ, ಬಾಟಲಿಗಳಿಗೆ ಹೆಸರು ಬರೆದು ಚಿಕ್ಕ ಮಕ್ಕಳಿಗೆ ಎಟುಕದಂತೆ ಇಡಲಿ. ಬಳಸಿದ ಹೈಪೊದಲ್ಲಿ ಬೆಳ್ಳಿ ಕರಗಿರುತ್ತದೆ. ಜಲಚರಗಳಿಗೆ ಅದು ವಿಷ, ಹೊಳೆಗಾಗಲಿ ಚರಂಡಿಗಾಗಲಿ ಸುರಿಯದೆ ಕ್ಯಾನಿನಲ್ಲಿ ಸಂಗ್ರಹಿಸಿ ಬೆಳ್ಳಿ ತೆಗೆಯುವವರಿಗೆ ಕೊಡಬೇಕು.

ನೆಗೆಟಿವ್‌ನಿಂದ ಕಂಪ್ಯೂಟರಿಗೆ

ಕಾಗದ ಸ್ಕ್ಯಾನ್ ಮಾಡುವ ಕಚೇರಿಯ ಯಂತ್ರ ಇಲ್ಲಿ ಕೆಲಸಕ್ಕೆ ಬಾರದು. ಅದರ ಬೆಳಕು ಕಾಗದಕ್ಕೆ ತಾಗಿ ಹಿಂತಿರುಗುತ್ತದೆ. ನೆಗೆಟಿವ್‌ಗೆ ಬೆಳಕು ಅದರ ಮೂಲಕ ಹಾಯಬೇಕು. ಅಂಥ ಏರ್ಪಾಡಿರುವ ಸ್ಕ್ಯಾನರ್ ಬೇಕು, ಇಲ್ಲವೇ ಬಿಳಿ ಬೆಳಕಿನ ಹಲಗೆಯ ಮೇಲೆ ನೆಗೆಟಿವ್ ಇಟ್ಟು ಡಿಜಿಟಲ್ ಕ್ಯಾಮರಾದಿಂದ ತೆಗೆದು ಕಂಪ್ಯೂಟರಿನಲ್ಲಿ ಕಪ್ಪು-ಬಿಳುಪನ್ನು ಅದಲುಬದಲು ಮಾಡಬಹುದು. 24×36 ಮಿಲಿಮೀಟರಿನ ಒಂದು ಚೌಕಟ್ಟನ್ನು ಅಂಗುಲಕ್ಕೆ 2400 ಬಿಂದುಗಳಂತೆ ಸ್ಕ್ಯಾನ್ ಮಾಡಿದರೆ ಸುಮಾರು 77 ಲಕ್ಷ ಬಿಂದುಗಳ ಚಿತ್ರ ಸಿಗುತ್ತದೆ. ಗೋಡೆಗೆ ಹಾಕುವ ಗಾತ್ರಕ್ಕೆ ಅಷ್ಟು ಸಾಕು.

ಕೆಲವು ಸ್ಕ್ಯಾನರುಗಳಲ್ಲಿ ಅವಕೆಂಪು ಕಿರಣ ಬಳಸಿ ದೂಳಿನ ಕಲೆಯನ್ನು ತಾನಾಗಿ ಅಳಿಸುವ ಸೌಲಭ್ಯವಿದೆ. ಕಪ್ಪು-ಬಿಳುಪು ಫಿಲಂಗೆ ಅದನ್ನು ಬಳಸಬಾರದು. ವರ್ಣಫಿಲಂನ ಬಣ್ಣದ ಮೂಲಕ ಆ ಕಿರಣ ಹಾಯುತ್ತದೆ, ಲೋಹದ ಬೆಳ್ಳಿಯ ಮೂಲಕ ಹಾಯದು. ಯಂತ್ರ ಚಿತ್ರವನ್ನೇ ದೂಳೆಂದು ತಿಳಿಯುತ್ತದೆ. ಮೆತ್ತನೆಯ ಕುಂಚ, ಗಾಳಿಯ ಬಲ್ಬು, ತಾಳ್ಮೆ ಇವೇ ಇಲ್ಲಿಯ ಉಪಕರಣ.

ಇದೇ ಹೊಳೆಯ ಹಳೆಯ ನೆಗೆಟಿವ್‌ಗಳು

ಇಷ್ಟೆಲ್ಲ ಶ್ರಮ ಏತಕ್ಕೆ ಎಂಬ ಪ್ರಶ್ನೆಗೆ ಉತ್ತರ ಹೊಳೆಯ ಜೊತೆ ಕೆಳಗಿಳಿದರೆ ಸಿಗುತ್ತದೆ. ಹರಿಹರದ ಹರಿಹರೇಶ್ವರ ದೇವಾಲಯವನ್ನು 1850ರ ದಶಕದಲ್ಲಿ ಡಾ. ವಿಲಿಯಂ ಹೆನ್ರಿ ಪಿಗೊ ಎಂಬ ವೈದ್ಯ ಕ್ಯಾಮರಾದಲ್ಲಿ ಸೆರೆಹಿಡಿದ. ಧಾರವಾಡ, ಮೈಸೂರು ಸೀಮೆಯ ವಾಸ್ತುಶಿಲ್ಪ ಕುರಿತು 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಗ್ರಂಥದಲ್ಲಿ ಅವನ ಚಿತ್ರಗಳಿವೆ. ಇನ್ನೂ ಕೆಳಗೆ ಹಂಪಿ. ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಅಲ್ಲಿ ಮೇಣ ಹಚ್ಚಿದ ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ಚಿತ್ರ ತೆಗೆದ. ಅವುಗಳಲ್ಲಿ ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವಿದೆ. ಇಂದು ಹಂಪಿಗೆ ಹೋದವರಿಗೆ ಆ ಶಿಖರ ಕಾಣದು. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದಾಗ ಏನು ಉಳಿದಿದೆ, ಏನು ಹೋಗಿದೆ ಎಂಬುದು ಅಕ್ಕಪಕ್ಕದಲ್ಲಿಟ್ಟು ನೋಡುವಂತಾಯಿತು.

ಗೋವಿನಕೋವಿಯಂಥ ಊರುಗಳಿಗೆ ಯಾವ ಗ್ರೀನ್‌ಲಾನೂ ಬರಲಿಲ್ಲ. ಇಂಥ ಊರುಗಳಲ್ಲಿ ಹಂಚಿನ ಮನೆ ಹೋಗಿ ತಾರಸಿ ಬರುತ್ತಿದೆ, ಗದ್ದೆ ಅಡಿಕೆ ತೋಟವಾಗುತ್ತಿದೆ. ಹಿಂದಿನ ದಾಖಲೆ ಏನಾದರೂ ಇದ್ದರೆ ಅದು ಮನೆಮನೆಯ ಟ್ರಂಕಿನಲ್ಲಿ, ಮದುವೆ ಆಲ್ಬಮ್ಮಿನ ಹಿಂದೆ ಸಿಕ್ಕಿಸಿದ ನೆಗೆಟಿವ್ ಪಟ್ಟಿಗಳಲ್ಲಿ, ಬಾಗಿಲು ಹಾಕಿದ ಸ್ಟುಡಿಯೊಗಳ ಡಬ್ಬಿಗಳಲ್ಲಿ. ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಹಳೆಯ ಅಸಿಟೇಟ್ ಫಿಲಂ ಕೆಡತೊಡಗಿದಾಗ ವಿನಿಗರ್‌ನಂಥ ಹುಳಿ ವಾಸನೆ ಬರುತ್ತದೆ. ಒಮ್ಮೆ ಶುರುವಾದ ಕೆಡುಕು ನಿಲ್ಲುವುದಿಲ್ಲ. ಅಂಥವನ್ನೇ ಮೊದಲು ಸ್ಕ್ಯಾನ್ ಮಾಡಬೇಕು.

ಕ್ಯಾಮರಾ ಸಿಗದ ವಿದ್ಯಾರ್ಥಿಯೂ ಈ ಕೆಲಸ ಇಂದೇ ಶುರುಮಾಡಬಹುದು. ಮನೆಯ ನೆಗೆಟಿವ್‌ಗಳನ್ನು ಅಂಚು ಹಿಡಿದು ಹೊರತೆಗೆದು, ಒಣಗಿದ ಜಾಗದಲ್ಲಿ ಕಾಗದದ ಲಕೋಟೆಗಳಲ್ಲಿ ಇಡಲಿ. ಪ್ರತಿ ಲಕೋಟೆಯ ಮೇಲೆ ಪೆನ್ಸಿಲಿನಿಂದ ಊರು, ವರ್ಷ, ಚಿತ್ರದಲ್ಲಿರುವವರ ಹೆಸರು ಬರೆಯಲಿ. ಆ ಹೆಸರುಗಳನ್ನು ಹೇಳಬಲ್ಲ ಅಜ್ಜ, ಅಜ್ಜಿ ಪಕ್ಕದಲ್ಲೇ ಕೂತಿರುವಾಗ ಕೇಳಿ ಬರೆದುಕೊಳ್ಳಲಿ. ಸ್ಕ್ಯಾನ್ ಆದ ಮೇಲೂ ನೆಗೆಟಿವ್ ಎಸೆಯುವುದು ಬೇಡ. ಕಂಪ್ಯೂಟರ್ ಕೆಟ್ಟ ದಿನ ಕಿಟಕಿಯ ಬೆಳಕಿಗೆ ಹಿಡಿದರೂ ಅದರಲ್ಲಿ ಊರು ಕಾಣುತ್ತದೆ.