ಪಕ್ಕದಲ್ಲಿ ಅಮ್ಮ ಇದ್ದಾಗ ಡಾಕ್ಟ್ರು ಕೇಳಿದ ಪ್ರಶ್ನೆ

ಹೊಟ್ಟೆನೋವಿಲ್ಲ, ಕಾಮಾಲೆಯಿಲ್ಲ, ತೂಕವೂ ಇಳಿದಿಲ್ಲ. ಆದರೂ ಆಫೀಸಿನ ಹೆಲ್ತ್ ಚೆಕಪ್‌ನ ಸ್ಕ್ಯಾನ್‌ನಲ್ಲಿ ನನ್ನ ಲಿವರ್‌ನೊಳಗೆ 3 ಸೆಂಟಿಮೀಟರಿನ ಗಡ್ಡೆ ಕಾಣಿಸಿತು. ಗಡ್ಡೆ ಅಂದ ಕೂಡಲೇ ಅಮ್ಮನಿಗೆ ನೆನಪಾಗಿದ್ದು ಕ್ಯಾನ್ಸರ್. "ಗಂಡು ನೋಡ್ತಿರೋ ಹೊತ್ತು, ಯಾರಿಗೂ ಹೇಳ್ಬೇಡ ಕಣೇ" ಅಂದಳು.

ತಜ್ಞ ವೈದ್ಯರು ರಿಪೋರ್ಟ್ ನೋಡಿ ಮೊದಲು ಕೇಳಿದ್ದು, "ಗರ್ಭನಿರೋಧಕ ಮಾತ್ರೆ ತಗೋತೀರಾ?"

ಪಕ್ಕದಲ್ಲೇ ಅಮ್ಮ. ಪಿಸಿಓಡಿಗೆ ಅಂತ ಎರಡು ವರ್ಷದಿಂದ ತಗೋತಿದ್ದೆ. ಅಮ್ಮನ ಲೆಕ್ಕದಲ್ಲಿ ಅದು ಮುಟ್ಟು ಸರಿಹೋಗೋ ಮಾತ್ರೆ, ಅಷ್ಟೇ. "ಹೌದು ಡಾಕ್ಟ್ರೇ" ಅಂದೆ. ಅಮ್ಮ ನನ್ನ ಮುಖ ನೋಡಿದಳು.

ಆ ಪ್ರಶ್ನೆಗೆ ಕಾರಣ ಇತ್ತು. ಲಿವರ್‌ನಲ್ಲಿ ಕ್ಯಾನ್ಸರ್ ಅಲ್ಲದ ಗಡ್ಡೆಗಳು ಮುಖ್ಯವಾಗಿ ಮೂರು ಬಗೆ. ಹೆಚ್ಚು ಜನರಲ್ಲಿ ಕಾಣೋದು ಹೆಮಾಂಜಿಯೋಮಾ, ಅಂದರೆ ರಕ್ತನಾಳಗಳು ಗೋಜಲಾಗಿ ಆದ ಉಂಡೆ. ಇನ್ನೊಂದು ಎಫ್‌ಎನ್‌ಎಚ್. ಇವೆರಡೂ ಸಾಮಾನ್ಯವಾಗಿ ತೊಂದರೆ ಕೊಡೋದಿಲ್ಲ. ಮೂರನೆಯದು ಅಡಿನೋಮಾ, ಅಪರೂಪದ್ದು. ಇದಕ್ಕೆ ಗರ್ಭನಿರೋಧಕ ಮಾತ್ರೆಯ ಜೊತೆಗೂ, ಮೈ ಕಟ್ಟಲು ಕೆಲವರು ತಗೊಳ್ಳೋ ಸ್ಟೀರಾಯ್ಡ್ ಜೊತೆಗೂ ನಂಟಿದೆ. 5 ಸೆಂಟಿಮೀಟರ್ ದಾಟಿದರೆ ಒಳಗೇ ರಕ್ತಸ್ರಾವ ಆಗುವ ಅಪಾಯ ಹೆಚ್ಚು.

"ಮತ್ತೆ ನೋವೇ ಇಲ್ವಲ್ಲ?" ಅಂತ ಅಮ್ಮ ಕೇಳಿದಳು. ಲಿವರ್‌ನ ಒಳಭಾಗಕ್ಕೆ ನೋವು ಗೊತ್ತಾಗೋದಿಲ್ಲವಂತೆ. ಅದನ್ನು ಸುತ್ತಿರುವ ತೆಳು ಪೊರೆಗೆ ಮಾತ್ರ ಗೊತ್ತಾಗುತ್ತೆ. ಗಡ್ಡೆ ದೊಡ್ಡದಾಗಿ ಪೊರೆ ಬಿಗಿದಾಗ ಬಲಗಡೆ ಪಕ್ಕೆಲುಬಿನ ಕೆಳಗೆ ನೋವು, ಭಾರ. ಜಠರವನ್ನು ಒತ್ತಿದರೆ ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದ ಹಾಗೆ, ವಾಕರಿಕೆ. ಗ್ಯಾಸ್ಟ್ರಿಕ್‌ಗೂ ಪಿತ್ತಕೋಶದ ಕಲ್ಲಿಗೂ ಹೀಗೇ ಆಗೋದರಿಂದ ಸ್ಕ್ಯಾನ್ ಮಾಡದೆ ಹೇಳೋಕಾಗಲ್ಲ.

ಎಂಆರ್‌ಐ ಮಾಡಿಸಿದೆವು. ಹೆಮಾಂಜಿಯೋಮಾ. ಮಾತ್ರೆಯೂ ಬೇಡ, ಆಪರೇಷನ್ನೂ ಬೇಡ ಅಂದರು. ಆಟೋದಲ್ಲಿ ಬರುವಾಗ ಅಮ್ಮ ಕೇಳಿದ್ದು ಒಂದೇ, "ಆ ಪಿಸಿಓಡಿ ಅಂದ್ರೆ ಏನೇ? ಸರಿಯಾಗಿ ಹೇಳು." ಮನೆ ಬರೋವರೆಗೂ ಹೇಳಿದೆ.

ನಿಮ್ಮ ರಿಪೋರ್ಟಿನಲ್ಲೂ ಗಡ್ಡೆ ಅಂತ ಬಂದರೆ, ಯಾವ ಬಗೆ, ಎಷ್ಟು ದೊಡ್ಡದು ಅಂತ ಕೇಳಿ. ತಗೊಳ್ಳೋ ಮಾತ್ರೆ, ಇಂಜೆಕ್ಷನ್ ಎಲ್ಲ ಹೇಳಿ. ಮನೆಯವರ ಮುಂದೆ ಮುಜುಗರವಾದರೆ "ಡಾಕ್ಟ್ರ ಹತ್ರ ಒಬ್ಬಳೇ ಮಾತಾಡ್ತೀನಿ" ಅನ್ನಿ. ಇದ್ದಕ್ಕಿದ್ದಂತೆ ಜೋರು ಹೊಟ್ಟೆನೋವು ಬಂದು ತಲೆ ಸುತ್ತಿದರೆ ಮಾತ್ರ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.